ಸಿಡಿಲಿನ ಮೊದಲ ಕಿಡಿ

(ಮಹೋತ್ಸವದ ಮೂರನೆಯ ದಿನ ಸಾಯಂಕಾಲದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಕಳೆದೆರಡು ದಿವಸಗಳಿಂದ ಈ ವೇದಿಕೆಯ ಮೇಲೆ ದೊಡ್ಡ ದೊಡ್ಡ ವಿದ್ವಾಂಸರು ಮಾತನಾಡಿದ್ದಾರೆ. ಅವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲವೆಂಬದನ್ನು ಬಲ್ಲೆನು. ಈ ಮಠದ ಪ್ರಸಾದನಿಲಯದಲ್ಲಿ ಆರು ವರುಷ ಉಂಡು ಓದಿದ ಹುಡುಗನು ನಾನು. ಮುಂದೆ ಭೌತಶಾಸ್ತ್ರದ ಅಧ್ಯಾಪಕನಾಗಿ ಹೊಟ್ಟೆ ಹೊರೆದವನು. ಈ ಸಭೆಯಲ್ಲಿ ಮಾತನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ, ಧರ್ಮಶಾಸ್ತ್ರದ ವಿಷಯ ನನಗೆ ತಿಳಿಯದೆಂದು ಬಿನ್ನವಿಸಿಕೊಂಡೆನು. "ನಿಮಗೆ ತಿಳಿದದ್ದನ್ನೇ ಹೇಳಿರಿ" ಎಂದರು. ಆದರೆ ನಾನು ಆರಿಸಿಕೊಂಡು ಬಂದಿರುವದೋ, ಇಂದಿಗೂ ಯಾರಿಗೂ ಪೂರ್ತಿಯಾಗಿ ತಿಳಿಯದಿರುವ ವಿಷಯ! ಮಳೆಮೋಡದಲ್ಲಿ ಸಿಡಿಲು ಹೇಗೆ ಹುಟ್ಟುತ್ತದೆ, ಅದರ ಮೊದಲ ಕಿಡಿಯನ್ನು ಹೊತ್ತಿಸುವದು ಯಾವದು ಎಂಬದೇ ಆ ವಿಷಯವು.

ಈ ಪ್ರಶ್ನೆಯನ್ನು ನನಗೆ ಹಚ್ಚಿಕೊಟ್ಟವರು ಯಾವ ಪಂಡಿತರೂ ಅಲ್ಲ, ನನ್ನ ತಾಯಿ. ನನಗಾಗ ಹನ್ನೊಂದು ವರುಷ. ಅಶ್ವಿನಿ ಮಳೆಯ ದಿನಗಳು. ನಮ್ಮ ಮನೆಯಲ್ಲಿ ದುಡಿಯುತ್ತಿದ್ದ ಆಳುಮನುಷ್ಯನೊಬ್ಬನು ಮಧ್ಯಾಹ್ನದ ಮೇಲೆ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದನು. ಪಡುವಣದಲ್ಲಿ ಮೋಡ ಕವಿಯಿತು, ದಪ್ಪ ಹನಿ ಬಿದ್ದವು. ಅವನು ಎತ್ತುಗಳನ್ನು ಹೊಡೆದುಕೊಂಡು ಬದುವಿನ ಮೇಲಿನ ಹುಣಸೆಯ ಮರದ ಅಡಿಗೆ ಬಂದು ನಿಂತನು. ಅಷ್ಟರಲ್ಲಿ ಸಿಡಿಲು ಬಡಿಯಿತು. ಮನುಷ್ಯನೂ ಹೋದನು, ಎರಡು ಎತ್ತುಗಳೂ ಹೋದವು. ಮೂರು ದಿವಸ ಕಳೆಯುವದರೊಳಗಾಗಿಯೇ ಊರಲ್ಲಿ ಮಾತು ಹುಟ್ಟಿತು: ಆತನು ಯಾವದೋ ಪಾಪ ಮಾಡಿದ್ದಿರಬೇಕು, ಇಲ್ಲವಾದರೆ ಸಿಡಿಲು ಅವನನ್ನೇ ಹುಡುಕಿಕೊಂಡು ಬರುತ್ತಿತ್ತೆ? ಆತನ ಹೆಂಡತಿಯು ಎರಡು ಕೂಸುಗಳನ್ನು ಕಟ್ಟಿಕೊಂಡು ಆ ಮಾತಿನ ಕೆಳಗೆಯೇ ಬಹುಕಾಲ ಬಾಳಿದಳು.

ನಾನು ಕಾಲೇಜಿನಿಂದ ರಜೆಗೆ ಬಂದಿದ್ದಾಗ ಒಂದು ದಿನ ತಾಯಿಯವರು ಕೇಳಿದರು: "ನೀ ಓದಿದಾಂವ ಅಲ್ಲೇನೋ ತಮ್ಮಾ? ಅಷ್ಟು ದೊಡ್ಡ ಹೊಲದಾಗ ಅಂವ ನಿಂತಲ್ಲೇ ಯಾಕ ಬಿತ್ತು?" ಆಗ ನನ್ನಿಂದ ಉತ್ತರ ಹೊರಡಲಿಲ್ಲ. ಅನಂತರ ವಿಚಾರ ಮಾಡುತ್ತ ಹೋದಂತೆ ಇದು ಒಂದು ಪ್ರಶ್ನೆಯಲ್ಲ, ಎರಡು ಎಂದು ತಿಳಿಯಿತು. ಮೇಲಿನಿಂದ ಹೊರಟ ಸಿಡಿಲು ಆ ಮರವನ್ನೇ ಏಕೆ ಹಿಡಿಯಿತು ಎಂಬದು ಒಂದು. ಆ ಗಳಿಗೆಯಲ್ಲಿ ಆ ಮೋಡದಲ್ಲಿ ಸಿಡಿಲು ಹುಟ್ಟಿದ್ದಾದರೂ ಏಕೆ ಎಂಬದು ಇನ್ನೊಂದು. ಮೊದಲನೆಯದಕ್ಕೆ ಉತ್ತರವುಂಟು. ಎರಡನೆಯದೇ ನೂರು ವರುಷಗಳಿಂದ ಜಗತ್ತಿನ ಬುದ್ಧಿವಂತರನ್ನು ಕಾಡುತ್ತಿರುವದು.

ನಮ್ಮ ಭಾಷೆಯಲ್ಲಿ ಮಿಂಚು, ಗುಡುಗು, ಸಿಡಿಲು ಎಂದು ಮೂರು ಹೆಸರುಗಳಿವೆ. ವಸ್ತು ಮಾತ್ರ ಒಂದೇ. ಕಣ್ಣಿಗೆ ಕಂಡರೆ ಮಿಂಚು, ಕಿವಿಗೆ ಕೇಳಿದರೆ ಗುಡುಗು, ನೆಲಕ್ಕೆ ಬಡಿದರೆ ಸಿಡಿಲು. ಬೆಳಕು ಒಡನೆಯೇ ಬರುತ್ತದೆ; ಸಪ್ಪಳವು ಒಂದು ಕಿಲೋಮೀಟರು ದೂರವನ್ನು ದಾಟಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಮಿಂಚಿದೊಡನೆ ಅರ್ಜುನನ ಹತ್ತು ಹೆಸರುಗಳನ್ನು ಹೇಳಬೇಕೆಂದು ನಮ್ಮ ಹಿರಿಯರು ಮಕ್ಕಳಿಗೆ ಕಲಿಸುತ್ತಿದ್ದರಷ್ಟೆ. ಆ ಹೆಸರುಗಳು ಮುಗಿಯುವದರೊಳಗಾಗಿ ಗುಡುಗಿದರೆ ಸಿಡಿಲು ಬಲು ಹತ್ತಿರದಲ್ಲಿದೆಯೆಂದು ಲೆಕ್ಕ ಹಾಕಿಕೊಳ್ಳಬಹುದು. ಹಿರಿಯರು ಅದನ್ನು ಗಡಿಯಾರವೆಂದು ಕಲಿಸಲಿಲ್ಲ, ನಿಜ. ಆದರೂ ಗಡಿಯಾರವಾಗಿ ಅದು ಕೆಟ್ಟದ್ದಲ್ಲ.

ಮಿಂಚು ವಿದ್ಯುತ್ತೇ ಎಂಬದು ೧೭೫೨ರಲ್ಲಿ ಸ್ಥಿರವಾಯಿತು. ಅಮೇರಿಕೆಯ ಬೆಂಜಮಿನ್ ಫ್ರಾಂಕ್ಲಿನ್ನರು ಸೂಚಿಸಿದ ಪ್ರಯೋಗವನ್ನು ಆ ವರುಷದ ಮೇ ತಿಂಗಳಲ್ಲಿ ಫ್ರಾನ್ಸದೇಶದ ಮಾರ್ಲಿ ಎಂಬ ಊರಿನಲ್ಲಿ ಮಾಡಿ ನೋಡಿದರು. ಎತ್ತರವಾದ ಕಬ್ಬಿಣದ ಸಲಾಕೆಯಿಂದ ಕಿಡಿಗಳು ಹೊರಟವು. ಫ್ರಾಂಕ್ಲಿನ್ನರು ಗಾಳಿಪಟ ಹಾರಿಸಿದ ಕತೆಯನ್ನು ನಿಮ್ಮಲ್ಲಿ ಹಲವರು ಶಾಲೆಯ ಪುಸ್ತಕಗಳಲ್ಲಿ ಓದಿರಬಹುದು. ಮರುವರುಷ ರಶಿಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಿಚ್‌ಮನ್ ಎಂಬ ಪಂಡಿತರು ಇಂಥದೇ ಪ್ರಯೋಗ ಮಾಡಲು ಹೋಗಿ ಸಿಡಿಲು ಬಡಿದು ತೀರಿಕೊಂಡರು. ಅವರನ್ನು ಪಾಪಿಯೆಂದು ಯಾರೂ ಅಂದದ್ದನ್ನು ನಾನು ಓದಿಲ್ಲ.

ಹಾಗಾದರೆ ಮೋಡದಲ್ಲಿ ಈ ವಿದ್ಯುತ್ತು ಕೂಡುವದು ಹೇಗೆ? ಈ ಶೋಧದಲ್ಲಿ ನಮ್ಮ ದೇಶದ ಮಳೆಗೂ ಒಂದು ಪಾಲುಂಟು. ಭಾರತದ ಹವಾಮಾನ ಇಲಾಖೆಯಲ್ಲಿದ್ದ ಜಾರ್ಜ್ ಸಿಂಪ್ಸನ್ನರು ೧೯೦೮ರ ಸುಮಾರಿಗೆ ಸಿಮ್ಲೆಯಲ್ಲಿ ಮಳೆಹನಿಗಳನ್ನು ಹಿಡಿದು ಅವುಗಳ ವಿದ್ಯುತ್ತನ್ನು ಅಳೆದರು. ಹೆಚ್ಚಿನ ಹನಿಗಳು ಧನವಿದ್ಯುತ್ತನ್ನು ಹೊತ್ತು ಬರುತ್ತಿದ್ದವು. ಆದುದರಿಂದ ಮೋಡದ ಕೆಳಭಾಗವು ಧನವಾಗಿರಬೇಕೆಂದು ಅವರು ವಾದಿಸಿದರು. ಇಂಗ್ಲೆಂಡಿನ ಸಿ. ಟಿ. ಆರ್. ವಿಲ್ಸನ್ನರು ದೂರದಿಂದ ಮೋಡಗಳನ್ನು ಅಳೆದು, ಮೇಲೆ ಧನ, ಕೆಳಗೆ ಋಣ ಎಂದು ಸಾಧಿಸಿದರು. ಈ ವಾದ ವರುಷಗಟ್ಟಲೆ ನಡೆಯಿತು. ಕಡೆಗೆ ಸಿಂಪ್ಸನ್ನರೇ ಬಲೂನುಗಳಲ್ಲಿ ಯಂತ್ರಗಳನ್ನಿಟ್ಟು ಮೋಡದೊಳಕ್ಕೆ ಕಳುಹಿಸಿ, ೧೯೩೭ರಲ್ಲಿ ಫಲವನ್ನು ಪ್ರಕಟಿಸಿದರು: ಮೇಲೆ ಧನ, ನಡುವೆ ಋಣ, ತಳದಲ್ಲಿ ಮತ್ತೆ ತುಸು ಧನ. ಇಬ್ಬರ ಮಾತಿನಲ್ಲಿಯೂ ಸತ್ಯವಿದ್ದಿತು. ತನ್ನ ಎದುರಾಳಿಯು ಸರಿಯೆಂದು ತೋರಿಸುವ ಬಲೂನನ್ನು ತಾನೇ ಹಾರಿಸುವ ಧೈರ್ಯವನ್ನು ನಾನು ಬಹಳ ಮೆಚ್ಚುತ್ತೇನೆ.

ಈ ವಿಭಾಗಕ್ಕೆ ಕಾರಣವು ಬಹುಮಟ್ಟಿಗೆ ಮಂಜುಗಡ್ಡೆ. ನೆಲದ ಮೇಲೆ ನಾವು ಬೆವರುತ್ತಿದ್ದರೂ ಆರೇಳು ಕಿಲೋಮೀಟರು ಮೇಲೆ ನೀರು ಹೆಪ್ಪುಗಟ್ಟುವ ಚಳಿ. ಅಲ್ಲಿ ಮಂಜಿನ ಸಣ್ಣ ಹರಳುಗಳೂ, ಎಳೆಯ ಆಲಿಕಲ್ಲಿನಂಥ ಮೆತ್ತನೆಯ ಉಂಡೆಗಳೂ, ಚಳಿಯಲ್ಲಿದ್ದರೂ ಇನ್ನೂ ಹೆಪ್ಪುಗಟ್ಟದ ನೀರಿನ ಕಣಗಳೂ ಕಲೆತಿರುತ್ತವೆ. ಹರಳು ಉಂಡೆಗೆ ತಾಗಿ ಹಾರಿದಾಗ ಒಂದರಿಂದೊಂದಕ್ಕೆ ವಿದ್ಯುತ್ತು ದಾಟುತ್ತದೆ. ಜಪಾನಿನ ತಾಕಾಹಾಶಿಯವರು ೧೯೭೮ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹೆಚ್ಚು ಚಳಿಯಲ್ಲಿ ಉಂಡೆಯು ಋಣವಾಗುವದೂ, ಕಡಿಮೆ ಚಳಿಯಲ್ಲಿ ಧನವಾಗುವದೂ ಕಂಡುಬಂದಿತು. ಹಗುರಾದ ಹರಳುಗಳನ್ನು ಮೇಲೇರುವ ಗಾಳಿ ಹೊತ್ತೊಯ್ಯುತ್ತದೆ. ಭಾರವಾದ ಉಂಡೆಗಳು ಕೆಳಗುಳಿಯುತ್ತವೆ. ತೂರುವ ಕಣದಲ್ಲಿ ಹೊಟ್ಟು ಬೇರೆ ಕಾಳು ಬೇರೆಯಾಗುವಂತೆ, ಇಲ್ಲಿ ಧನ ಬೇರೆ ಋಣ ಬೇರೆಯಾಗುತ್ತದೆ.

ಹೀಗೆ ಕೂಡಿದ ವಿದ್ಯುತ್ತಿನ ಬಲವೆಷ್ಟು? ನಮ್ಮ ಕನ್ನಡನಾಡಿನ ನೆರೆಯಲ್ಲಿಯೇ, ನೀಲಗಿರಿಯ ಉದಕಮಂಡಲದಲ್ಲಿ, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರ ಗ್ರೇಪ್ಸ್-೩ ಎಂಬ ಪ್ರಯೋಗಶಾಲೆಯಿದೆ. ಆಕಾಶದಿಂದ ಸದಾ ಸುರಿಯುವ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣಗಳನ್ನು ಎಣಿಸುವದು ಅಲ್ಲಿಯ ಕೆಲಸ. ಮೋಡದ ವಿದ್ಯುದ್ಬಲವು ಈ ಕಣಗಳನ್ನು ತಡೆಯುವದರಿಂದ ಎಣಿಕೆಯಲ್ಲಿ ವ್ಯತ್ಯಾಸವಾಗುತ್ತದೆ. ೨೦೧೪ನೆಯ ಇಸವಿ ದಶಂಬರ ೧ನೆಯ ತಾರೀಖಿನಂದು ಹಾದುಹೋದ ಒಂದು ಮೋಡದಲ್ಲಿ ಆ ವ್ಯತ್ಯಾಸದಿಂದ ಲೆಕ್ಕಹಾಕಿದ ವಿದ್ಯುದೊತ್ತಡವು ಸುಮಾರು ೧೩೦ ಕೋಟಿ ವೋಲ್ಟುಗಳಷ್ಟಿತ್ತು. ಈ ಫಲವು ೨೦೧೯ರಲ್ಲಿ ಪ್ರಕಟವಾಯಿತು. ಮನೆಯ ದೀಪಕ್ಕೆ ಬರುವದು ೨೩೦ ವೋಲ್ಟು ಎಂಬದನ್ನು ನೆನೆದುಕೊಂಡರೆ ಸಾಕು.

ಇಷ್ಟು ಬಲವಿದ್ದ ಮೇಲೆ ಕಿಡಿ ಹಾರುವದರಲ್ಲಿ ಆಶ್ಚರ್ಯವೇನೆಂದು ನೀವು ಕೇಳಬಹುದು. ತೊಡಕು ಇರುವದೇ ಇಲ್ಲಿ. ಗಾಳಿಯು ವಿದ್ಯುತ್ತಿಗೆ ದಾರಿ ಕೊಡದ ವಸ್ತು. ಅದನ್ನು ಸೀಳಿ ಕಿಡಿ ಹಾರಿಸಬೇಕಾದರೆ ನೆಲದ ಮಟ್ಟದಲ್ಲಿ ಮೀಟರಿಗೆ ೩೦ ಲಕ್ಷ ವೋಲ್ಟು ಬೇಕು. ಮೇಲೆ ಗಾಳಿ ತೆಳುವಾಗಿರುವದರಿಂದ ಅದರ ಅರ್ಧದಷ್ಟು ಸಾಕೆನ್ನೋಣ. ಮೋಡದೊಳಗೆ ಹೋಗಿಬಂದ ಬಲೂನುಗಳು ಅಳೆದು ತಂದದ್ದು ಎಷ್ಟು? ಸಾಮಾನ್ಯವಾಗಿ ಒಂದೆರಡು ಲಕ್ಷ. ಅಪರೂಪಕ್ಕೆ ನಾಲ್ಕು ಲಕ್ಷ. ಒಟ್ಟು ಒತ್ತಡವು ಕೋಟಿಗಟ್ಟಲೆ ಇದ್ದರೂ ಅದು ಕಿಲೋಮೀಟರುಗಟ್ಟಲೆ ಉದ್ದಕ್ಕೆ ಹರಡಿಕೊಂಡಿರುತ್ತದೆ. ಕೆರೆಯ ಕೋಡಿ ಹತ್ತು ಮೊಳ ಎತ್ತರದಲ್ಲಿದೆ, ನೀರು ಒಂದು ಮೊಳ ನಿಂತಿದೆ. ಆದರೂ ಕೋಡಿ ಬಿದ್ದು ನೀರು ಹರಿಯುತ್ತದೆ ಎಂದು ಯಾರಾದರೂ ಹೇಳಿದರೆ ನಾವು ನಂಬುವೆವೆ? ಆದರೆ ಮೋಡದಲ್ಲಿ ಆಗುತ್ತಿರುವದು ಇದೇ. ಅದೂ ಎಲ್ಲಿಯೋ ಒಮ್ಮೆಯಲ್ಲ. ಭೂಮಂಡಲದ ಮೇಲೆಲ್ಲ ಕೂಡಿ ಸೆಕೆಂಡಿಗೆ ಸುಮಾರು ೪೫ ಮಿಂಚುಗಳು ಮಿಂಚುತ್ತವೆಂದು ಉಪಗ್ರಹಗಳಿಂದ ಎಣಿಸಿದ್ದಾರೆ.

ಬಲವು ಅತ್ಯಧಿಕವಾಗಿರುವ ಜಾಗವು ಚಿಕ್ಕದಾಗಿದ್ದು, ಅಲ್ಪಕಾಲವೇ ಇದ್ದು, ಬಲೂನಿಗೆ ಸಿಕ್ಕದೆ ಹೋಗಿರಬಹುದೆಂದು ಕೆಲವರೆನ್ನುವರು. ಇರಬಹುದು. ಆದರೆ ಸಿಕ್ಕದ್ದರ ಮೇಲೆ ಶಾಸ್ತ್ರವನ್ನು ಕಟ್ಟಲಾಗುವದಿಲ್ಲವಷ್ಟೆ. ಆದುದರಿಂದ ಪಂಡಿತರಲ್ಲಿ ಎರಡು ಮತಗಳಾದವು.

ಮೊದಲನೆಯ ಮತದವರು ಮೋಡದೊಳಗಿನ ನೀರು ಮಂಜುಗಳ ಕಡೆಗೆ ಬೆರಳು ತೋರಿಸುವರು. ವಿದ್ಯುದ್ಬಲದಲ್ಲಿ ಸಿಕ್ಕಿದ ಹನಿಯು ಗುಂಡಾಗಿ ಉಳಿಯದೆ ಉದ್ದುದ್ದವಾಗಿ ಎಳೆದುಕೊಂಡು ಎರಡೂ ಕೊನೆಗಳಲ್ಲಿ ಚೂಪಾಗುತ್ತದೆ. ಅದು ಯಾವಾಗ ಒಡೆಯುವದೆಂಬದನ್ನು ಜಿ. ಐ. ಟೇಲರರು ೧೯೬೪ರಲ್ಲಿ ಗಣಿತದಿಂದ ತೋರಿಸಿದರು. ಚೂಪಾದ ತುದಿಯಲ್ಲಿ ಬಲವು ಎಷ್ಟೋ ಪಟ್ಟು ಹೆಚ್ಚುತ್ತದೆ. ಅಲ್ಲಿ ಗಾಳಿ ಸೀಳಿ, ಮಂದವಾದ ಎಳೆಗಳಂತೆ ವಿದ್ಯುತ್ತು ಹೊರಡುತ್ತದೆ. ಒಪ್ಪುವಂಥ ಮಾತೇ. ಆದರೆ ಸಿಡಿಲು ಸಾಮಾನ್ಯವಾಗಿ ಹುಟ್ಟುವ ಎತ್ತರದಲ್ಲಿ ಹನಿಗಳಿಗಿಂತ ಮಂಜೇ ಹೆಚ್ಚು. ಮಂಜು ಹನಿಯಂತೆ ಎಳೆದುಕೊಳ್ಳುವದಿಲ್ಲ, ವಿದ್ಯುತ್ತನ್ನೂ ಅಷ್ಟು ಚೆನ್ನಾಗಿ ಹರಿಯಗೊಡುವದಿಲ್ಲ. ಇನ್ನು, ಮಂದವಾದ ಆ ಎಳೆಗಳು ತಣ್ಣನೆಯ ಎಳೆಗಳು. ಅವು ಕಲೆತು, ಗಾಳಿಯನ್ನು ಸಾವಿರಾರು ಡಿಗ್ರಿ ಕಾಯಿಸಿ, ಬಿಸಿಯಾದ ಒಂದು ದಾರಿಯಾದರೆ ಮಾತ್ರ ಸಿಡಿಲು. ಒಂದೊಂದೇ ಹನಿಯ ತುದಿಯಿಂದ ಇದು ಹೇಗೆ ಸಾಧ್ಯ?

ಎರಡನೆಯ ಮತದ ಮೂಲಪುರುಷರು ಆಗಲೇ ಹೇಳಿದ ವಿಲ್ಸನ್ನರೇ. ೧೯೨೫ರ ಸುಮಾರಿಗೆ ಅವರು ಒಂದು ವಿಚಿತ್ರವಾದ ಮಾತನ್ನಾಡಿದರು. ಗಾಳಿಯಲ್ಲಿ ಓಡುವ ಎಲೆಕ್ಟ್ರಾನಿಗೆ ಅಣುಗಳ ಡಿಕ್ಕಿಯಿಂದ ತಡೆಯುಂಟಾಗುತ್ತದೆ. ಆದರೆ ಅದು ಮೊದಲೇ ಅತಿವೇಗದಲ್ಲಿದ್ದರೆ ತಡೆಯು ಕಡಿಮೆಯಾಗುತ್ತದೆ. ಮೋಡದ ಬಲವು ಆ ತಡೆಯನ್ನು ಮೀರಿದರೆ ಎಲೆಕ್ಟ್ರಾನು ಲಂಗುಲಗಾಮಿಲ್ಲದೆ ಓಡತೊಡಗುತ್ತದೆ, ಓಡುತ್ತ ಇತರ ಎಲೆಕ್ಟ್ರಾನುಗಳನ್ನು ಕೆಡವಿ ಅವನ್ನೂ ಓಡಿಸುತ್ತದೆ. ರಶಿಯದ ಗುರೆವಿಚ್ ಮತ್ತು ಅವರ ಸಂಗಡಿಗರು ೧೯೯೨ರಲ್ಲಿ ಇದನ್ನು ಬೆಳೆಯಿಸಿ, ಇಂಥ ಓಟಕ್ಕೆ ಬೇಕಾದ ಬಲವು ಸಾಮಾನ್ಯ ಕಿಡಿಗೆ ಬೇಕಾದದ್ದರ ಹತ್ತರಲ್ಲೊಂದು ಪಾಲು ಮಾತ್ರವೆಂದು ತೋರಿಸಿದರು. ಮೋಡದಲ್ಲಿ ಬಲೂನುಗಳು ಕಂಡದ್ದೂ ಅಷ್ಟೇ ಅಲ್ಲವೆ! ಓಟವನ್ನು ಆರಂಭಿಸುವ ಮೊದಲ ಎಲೆಕ್ಟ್ರಾನು ಎಲ್ಲಿಂದ ಬರಬೇಕು? ವಿಶ್ವಕಿರಣಗಳಿಂದ, ಅವು ನಕ್ಷತ್ರಲೋಕದಿಂದ ಬರುವಂಥವು. ಎಲ್ಲಿಯೋ ಬಹುದೂರದಲ್ಲಿ ಬಹುಕಾಲದ ಹಿಂದೆ ಸಿಡಿದ ನಕ್ಷತ್ರದ ಕಣವೊಂದು ನಮ್ಮೂರಿನ ಹೊಲದ ಮೇಲಣ ಮೋಡಕ್ಕೆ ಕಿಡಿ ಹಚ್ಚುತ್ತದೆಯೆಂಬ ಭಾವನೆಯು ಮನಸ್ಸನ್ನು ಮರುಳುಗೊಳಿಸುವಂಥದು. ಮರುಳುಗೊಳಿಸುತ್ತದೆಂಬ ಕಾರಣಕ್ಕೇ ಎಚ್ಚರವೂ ಬೇಕು.

ಈ ಮತಕ್ಕೆ ಸಾಕ್ಷಿಗಳು ದೊರೆತಿವೆ. ಅತಿವೇಗದ ಎಲೆಕ್ಟ್ರಾನುಗಳಿದ್ದಲ್ಲಿ ಕ್ಷ-ಕಿರಣ ಗಾಮಾ ಕಿರಣಗಳು ಹುಟ್ಟಬೇಕು. ನಕ್ಷತ್ರಗಳನ್ನು ನೋಡಲೆಂದು ಹಾರಿಸಿದ ಕಾಂಪ್ಟನ್ ಎಂಬ ಉಪಗ್ರಹವು ಭೂಮಿಯ ಮೋಡಗಳಿಂದಲೇ ಮೇಲೇರುವ ಗಾಮಾ ಕಿರಣದ ಹೊಳಹುಗಳನ್ನು ಕಂಡಿತೆಂದು ೧೯೯೪ರಲ್ಲಿ ಪ್ರಕಟವಾಯಿತು. ಆದರೆ ಇಲ್ಲಿಯೂ ಒಂದು ಕೊರತೆ. ಹೀಗೆ ಓಡುವ ಎಲೆಕ್ಟ್ರಾನುಗಳು ವಿಶಾಲವಾಗಿ ಹರಡಿಕೊಳ್ಳುತ್ತವೆ. ಸಿಡಿಲಿಗೆ ಬೇಕಾದದ್ದು ಕೆಲವೇ ಅಂಗುಲ ಅಗಲದ ಬಿಸಿದಾರಿ. ಬೂದಿಯೊಳಗೆಲ್ಲ ಕಾವು ಹರಡಿದೆ, ಆದರೆ ದೀಪ ಹಚ್ಚಲು ಕೆಂಡ ಕೈಗೆ ಸಿಕ್ಕುತ್ತಿಲ್ಲ ಎಂಬಂತಾಯಿತು.

ಮೋಡದೊಳಗೆ ಕಣ್ಣು ಹಾಯುವದಿಲ್ಲ. ರೇಡಿಯೋ ಅಲೆಗಳು ಹಾಯುತ್ತವೆ. ಆದುದರಿಂದ ಈಚೆಗೆ ಪಂಡಿತರು ಸಿಡಿಲನ್ನು ಕೇಳತೊಡಗಿದ್ದಾರೆ. ಅಮೇರಿಕೆಯ ನ್ಯೂ ಮೆಕ್ಸಿಕೋ ಪ್ರಾಂತದಲ್ಲಿ ಕೆಲಸ ಮಾಡಿದವರು ೨೦೧೬ರಲ್ಲಿ, ಮಿಂಚಿನ ಆರಂಭದಲ್ಲಿ ಮೋಡದ ಧನಭಾಗದಿಂದ ಋಣಭಾಗದ ಕಡೆಗೆ ಸೆಕೆಂಡಿಗೆ ಕೋಟಿಗಟ್ಟಲೆ ಮೀಟರು ವೇಗದಲ್ಲಿ ಹರಿಯುವ ಒಂದು ಸ್ಫೋಟವನ್ನು ವರ್ಣಿಸಿದರು. ಹಾಲಂಡದೇಶದಲ್ಲಿ ಆಕಾಶವೀಕ್ಷಣೆಗಾಗಿ ಹೊಲಗಳಲ್ಲಿ ನೆಟ್ಟ ಸಾವಿರಾರು ಆಂಟೆನಾಗಳಿವೆ. ಅವನ್ನು ಲೋಫಾರ್ ಎನ್ನುವರು. ಅವುಗಳಿಂದ ೨೦೨೧ರಲ್ಲಿ ಪ್ರಕಟವಾದ ಒಂದು ಮಿಂಚಿನ ಚರಿತ್ರೆಯಲ್ಲಿ, ಮೊದಲು ಅತ್ಯಂತ ಮಂದವಾದ ಸ್ಪಂದನವೊಂದು ಕಾಣಿಸಿಕೊಂಡು, ಕಣ್ಣೆವೆ ಮುಚ್ಚುವದರ ಸಹಸ್ರಾಂಶದಷ್ಟು ಕಾಲಕ್ಕಿಂತಲೂ ಕಡಿಮೆಯಲ್ಲಿ ನೂರು ಮಡಿ ಬಲಗೊಂಡದ್ದು ದಾಖಲಾಯಿತು. ಸಿಡಿಲಿನ ಮೊದಲ ತೊದಲನ್ನು ಕೇಳಿದಂತಾಯಿತು. ತೊದಲಿಸಿದವರು ಯಾರೆಂಬದು ಮಾತ್ರ ತಿಳಿಯಲಿಲ್ಲ.

೨೦೨೫ರಲ್ಲಿ ಅಮೇರಿಕೆಯ ವಿಕ್ಟರ್ ಪಾಸ್ಕೋ ಮತ್ತು ಅವರ ಸಂಗಡಿಗರು ಒಂದು ಲೆಕ್ಕವನ್ನು ಮುಂದಿಟ್ಟಿದ್ದಾರೆ. ಓಡುವ ಎಲೆಕ್ಟ್ರಾನುಗಳು ಕ್ಷ-ಕಿರಣಗಳನ್ನು ಹುಟ್ಟಿಸುತ್ತವೆ. ಆ ಕಿರಣಗಳಲ್ಲಿ ಕೆಲವು ಹಿಂದಕ್ಕೆ ಹೋಗಿ, ಗಾಳಿಯ ಅಣುಗಳಿಂದ ಹೊಸ ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಅವು ಮತ್ತೆ ಓಡುತ್ತವೆ. ಹೀಗೆ ಚಕ್ರವು ತಿರುತಿರುಗಿ ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ. ಚಿಕ್ಕ ಜಾಗದಲ್ಲಿಯೂ ಸಾಧ್ಯವಾಗುತ್ತದೆ. ಕೆಲವು ವೇಳೆ ರೇಡಿಯೋ ಸಪ್ಪಳವಾಗಲಿ ಕಣ್ಣಿಗೆ ಕಾಣುವ ಬೆಳಕಾಗಲಿ ಹೆಚ್ಚಿಲ್ಲದೆ ಗಾಮಾ ಕಿರಣಗಳು ಮಾತ್ರ ಹೊರಡುವದೇಕೆಂಬದಕ್ಕೂ ಇದರಿಂದ ಸಮಾಧಾನ ದೊರೆಯುತ್ತದೆ. ನನ್ನ ಮಟ್ಟಿಗೆ ಇದುವರೆಗೆ ಓದಿದವುಗಳಲ್ಲಿ ಇದು ಹೆಚ್ಚು ಒಪ್ಪಿಗೆಯಾಗುವ ವಿವರಣೆ. ಆದರೂ ಇದು ಗಣಕಯಂತ್ರದಲ್ಲಿ ಮಾಡಿದ ಲೆಕ್ಕ. ಮೋಡದೊಳಗೆ ಆ ಚಕ್ರವು ತಿರುಗುವದನ್ನು ನೇರವಾಗಿ ಹಿಡಿದು ತೋರಿಸಿದ ಮೇಲೆಯೇ ವ್ಯಾಜ್ಯ ಮುಗಿದೀತು. ಹನಿಗಳ ಮತದವರೂ ಇನ್ನೂ ಸೋಲೊಪ್ಪಿಲ್ಲ. ಎರಡೂ ಕೂಡಿಯೇ ಕೆಲಸ ಮಾಡುತ್ತಿರಬಹುದೆಂದು ಹೇಳುವವರೂ ಇದ್ದಾರೆ.

ತಾಯಿಯವರ ಪ್ರಶ್ನೆಯ ಇನ್ನೊಂದು ಅರ್ಧವು ಇದಕ್ಕಿಂತ ಸುಲಭ. ಹುಟ್ಟಿದ ಸಿಡಿಲು ಒಂದೇ ನೆಗೆತಕ್ಕೆ ನೆಲಕ್ಕೆ ಬರುವದಿಲ್ಲ. ದಕ್ಷಿಣ ಆಫ್ರಿಕೆಯಲ್ಲಿ ಶಾನ್ಲಂಡರು ೧೯೩೦ರ ದಶಕದಲ್ಲಿ ವಿಶೇಷವಾದ ಕ್ಯಾಮೆರಾದಿಂದ ಕಂಡುಹಿಡಿದಂತೆ, ಅದು ಸುಮಾರು ಐವತ್ತು ಐವತ್ತು ಮೀಟರಿನ ಹೆಜ್ಜೆಗಳನ್ನಿಡುತ್ತ, ಕತ್ತಲೆಯಲ್ಲಿ ಕುರುಡನು ಕೋಲೂರಿದಂತೆ, ಅತ್ತಿತ್ತ ತಿರುಗುತ್ತ ಇಳಿಯುತ್ತದೆ. ನೆಲದ ಮೇಲೆ ಯಾರಿದ್ದಾರೆ ಏನಿದೆ ಎಂಬದು ಅದಕ್ಕೆ ಗೊತ್ತಿಲ್ಲ. ನೆಲಕ್ಕೆ ನೂರಿನ್ನೂರು ಮೀಟರು ಉಳಿದಾಗ, ಕೆಳಗಿರುವ ಎತ್ತರದ ವಸ್ತುಗಳ ತುದಿಯಿಂದ ಮೇಲ್ಮುಖವಾಗಿ ಕಿಡಿಗಳೇಳುತ್ತವೆ. ಅವುಗಳಲ್ಲಿ ಯಾವದು ಮೊದಲು ಸಂಧಿಸುವದೋ ಅಲ್ಲಿ ದಾರಿ ಕೂಡುತ್ತದೆ. ಸುಮಾರು ಮೂವತ್ತು ಸಾವಿರ ಆಂಪಿಯರಿನ ಪ್ರವಾಹ ಹರಿಯುತ್ತದೆ. ಆ ಹೊಲದಲ್ಲಿ ಎತ್ತರವಾದದ್ದು ಆ ಹುಣಸೆಯ ಮರವೊಂದೇ. ಮರಕ್ಕೆ ಬಡಿದ ವಿದ್ಯುತ್ತು ಪಕ್ಕದಲ್ಲಿ ನಿಂತವನ ಮೈಗೆ ಹಾರುತ್ತದೆ. ನೆಲದೊಳಗೆ ಹರಡುವಾಗ ಒಂದು ಕಾಲಿನಿಂದೇರಿ ಇನ್ನೊಂದರಿಂದಿಳಿಯುತ್ತದೆ. ಎತ್ತುಗಳ ಮುಂಗಾಲು ಹಿಂಗಾಲುಗಳ ನಡುವಣ ಅಂತರವು ನಮ್ಮ ಕಾಲುಗಳ ಅಂತರಕ್ಕಿಂತ ಹೆಚ್ಚು. ಹೃದಯವೂ ಆ ದಾರಿಯಲ್ಲಿಯೇ ಸಿಕ್ಕುತ್ತದೆ. ಆದುದರಿಂದಲೇ ದನಗಳು ಬೇಗ ಸಾಯುವವು.

ನಮ್ಮ ದೇಶದಲ್ಲಿ ಪ್ರತಿವರುಷ ಎರಡು ಸಾವಿರಕ್ಕೂ ಮೇಲ್ಪಟ್ಟು ಜನ ಸಿಡಿಲಿನಿಂದ ಸಾಯುತ್ತಾರೆ. ಬಹುಪಾಲು ಹೊಲದಲ್ಲಿ ದುಡಿಯುವವರು. ಈ ಸಭೆಯಲ್ಲಿಯೂ ಬಹುಪಾಲು ಒಕ್ಕಲಿಗರೇ ಇರುವದರಿಂದ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಹೇಳುತ್ತೇನೆ. ಗುಡುಗು ಕಿವಿಗೆ ಬಿದ್ದರೆ ಸಿಡಿಲಿನ ಅಳವಿನಲ್ಲಿದ್ದೇವೆಂದೇ ತಿಳಿಯಬೇಕು. ಮಳೆ ಬರಲೆಂದು ಕಾಯಬಾರದು. ಮರದ ಅಡಿ ಸರ್ವಥಾ ಕೂಡದು. ಗೋಡೆಮಾಡುಗಳುಳ್ಳ ಗಟ್ಟಿಯಾದ ಮನೆಯೊಳಗೆ, ಇಲ್ಲವೆ ಮುಚ್ಚಿದ ಮೋಟಾರಿನೊಳಗೆ ಹೋಗಬೇಕು. ಕಡೆಯ ಗುಡುಗು ಕೇಳಿ ಅರ್ಧ ತಾಸಿನವರೆಗೆ ಹೊರಗೆ ಬರಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ದಾಮಿನಿ ಎಂಬ ಮೊಬೈಲ್ ಆ್ಯಪ್ ಮಾಡಿದ್ದಾರೆ. ನಿಮ್ಮ ಮಕ್ಕಳಿಗೆ ಹೇಳಿ ಅದನ್ನು ಹಾಕಿಸಿಕೊಳ್ಳಿರಿ. ಎಲ್ಲಕ್ಕೂ ಮುಖ್ಯವಾದದ್ದು: ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವದಿಲ್ಲ. ಮುಟ್ಟಲು ಅಂಜಬಾರದು. ಉಸಿರು ನಿಂತಿದ್ದರೆ ಒಡನೆಯೇ ಎದೆಯನ್ನೊತ್ತಿ ಉಸಿರು ಕೊಡಬೇಕು, ಆಂಬುಲೆನ್ಸ್ ಕರೆಯಿಸಬೇಕು. ಎಷ್ಟೋ ಜನ ಹೀಗೆ ಬದುಕಿದ್ದಾರೆ. ಅಂದು ನಮ್ಮ ಹೊಲದಲ್ಲಿ ಜನ ಬಹಳ ಹೊತ್ತು ದೂರವೇ ನಿಂತಿದ್ದರು.

ಇನ್ನೊಂದು ಬಿನ್ನಹವುಂಟು. ಈ ಮಹೋತ್ಸವದ ನಿಮಿತ್ತ ಮಠದ ಶಿಖರಕ್ಕೆ ಹೊಸ ಕಳಸವಾಗಿದೆ. ಊರಿನಲ್ಲಿ ಅದಕ್ಕಿಂತ ಎತ್ತರವಾದದ್ದಿಲ್ಲ. ಲೋಹದ ಕಳಸವು ತಾನಾಗಿಯೇ ಕಾಯುವದಿಲ್ಲ. ಅದರಿಂದ ದಪ್ಪವಾದ ತಾಮ್ರದ ಪಟ್ಟಿಯನ್ನು ಎಲ್ಲಿಯೂ ತುಂಡಾಗದಂತೆ ಕೆಳಗಿಳಿಸಿ, ತೇವವಿರುವ ನೆಲದಲ್ಲಿ ಆಳವಾಗಿ ಹುಗಿದರೆ ಮಾತ್ರ ಸಿಡಿಲು ಗೋಡೆಯನ್ನು ಸೀಳದೆ ಆ ದಾರಿಯಿಂದ ಹೋಗುತ್ತದೆ. ಕೆಳಗೆ ಪ್ರಸಾದನಿಲಯದ ಹುಡುಗರು ಮಲಗುತ್ತಾರೆ. ಇದರ ಖರ್ಚಿನಲ್ಲಿ ನನ್ನ ಕಾಣಿಕೆಯನ್ನು ಕಾರ್ಯದರ್ಶಿಗಳವರಲ್ಲಿ ಕೊಟ್ಟಿದ್ದೇನೆ. ಉಳಿದದ್ದನ್ನು ಭಕ್ತರು ನೆರವೇರಿಸಬೇಕೆಂದು ಪ್ರಾರ್ಥನೆ.

ಅಂದು ಉತ್ತರ ಸಿಕ್ಕ ಅರ್ಧವನ್ನು ನಾನು ತಾಯಿಯವರಿಗೆ ಹೇಳಿದಾಗ ಅವರು ಸುಮ್ಮನೆ ಕೇಳಿದರು. ಬಳಿಕ "ನನಗ ಹೇಳಿ ಏನಾತು? ಆಕಿಗೆ ಹೋಗಿ ಹೇಳು" ಎಂದರು. ಹೋದೆನು. ಆಕೆ ಆಗಲೇ ಮುದುಕಿಯಾಗಿದ್ದಳು. ನೆಲದ ಮೇಲೆ ಗೆರೆ ಎಳೆದು, ಮರವನ್ನೂ ಮೋಡವನ್ನೂ ತೋರಿಸಿ, ತಿಳಿದಷ್ಟನ್ನು ಹೇಳಿದೆನು. ಎಲ್ಲವನ್ನೂ ಕೇಳಿ, "ಎತ್ತುಗಳೂ ಸತ್ತಿದ್ದವಲ್ಲೋ ಯಪ್ಪಾ, ಅವೇನು ಪಾಪ ಮಾಡಿದ್ದವು ಅಂತ ಆವಾಗ ನಾ ಕೇಳಬೇಕಾಗಿತ್ತು" ಎಂದಳು. ಮೇಲೆ ಮೋಡದಲ್ಲಿ ಅದು ಹೊತ್ತುವದು ಹೇಗೆಂದು ಕೇಳಿದಳು. ಅದಿನ್ನೂ ಗೊತ್ತಾಗಿಲ್ಲವೆಂದೆನು.